ಹಿಮ್ಮಡಿ ನೋವು: ಮತ್ತೆ ಓಡುವುದು ಯಾವಾಗ?

ಕುಳಿತಲ್ಲಿಯೇ ಒಂದು ಸಣ್ಣ ಪ್ರಯೋಗ ಮಾಡಿ. ಬಲಗಾಲನ್ನು ಎಡ ಮೊಣಕಾಲಿನ ಮೇಲಿಟ್ಟುಕೊಂಡು, ಹಿಮ್ಮಡಿಯ ಮೇಲ್ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ನೋಡಿ. ಬಾವಿಯ ಹಗ್ಗದಂಥ ಗಟ್ಟಿಯಾದ ಹುರಿಯೊಂದು ಕೈಗೆ ಸಿಗುತ್ತದೆ. ಈಗ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ. ಹುರಿ ಬಿಗಿಯಾಗುವುದೂ ಸಡಿಲಾಗುವುದೂ ಬೆರಳಿಗೆ ತಿಳಿಯುತ್ತದೆ. ಜನ ಇದನ್ನು 'ನರ' ಎನ್ನುತ್ತಾರೆ. 'ಹಿಮ್ಮಡಿ ನರ ಎಳೆದಿದೆ' ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಆದರೆ ಇದು ನರವಲ್ಲ. ನರ ಸಂದೇಶ ಒಯ್ಯುವ ತಂತಿ, ಇದು ಭಾರ ಎಳೆಯುವ ಹಗ್ಗ. ಪಠ್ಯಪುಸ್ತಕದ ಭಾಷೆಯಲ್ಲಿ ಸ್ನಾಯುರಜ್ಜು. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಈ ರಜ್ಜು ನಮ್ಮ ದೇಹದಲ್ಲಿರುವ ಅಷ್ಟೂ ಸ್ನಾಯುರಜ್ಜುಗಳಲ್ಲಿ ಅತ್ಯಂತ ದಪ್ಪನೆಯದು, ಅತ್ಯಂತ ಬಲಿಷ್ಠವಾದದ್ದು.

ಇದರ ವಿಚಾರವನ್ನು ಈ ಅಂಕಣದಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಶಾಲೆಗಳಲ್ಲಿ ಕ್ರೀಡಾಕೂಟಗಳ ಕಾಲ ಬಂತೆಂದರೆ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮಕ್ಕಳು ವಾರಗಟ್ಟಲೆ ಓಡುತ್ತಾರೆ. ವರ್ಷವಿಡೀ ಬೆಂಚಿನ ಮೇಲೆ ಕುಳಿತಿದ್ದ ಕಾಲುಗಳು ಹದಿನೈದೇ ದಿನಗಳಲ್ಲಿ ಓಟಗಾರರ ಕಾಲುಗಳಾಗಬೇಕು. ಆಗ ಕೆಲವರು ಬೆಳಿಗ್ಗೆ ಕುಂಟುತ್ತಾ ತರಗತಿಗೆ ಬರುತ್ತಾರೆ. ಅವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಮನೆಯಲ್ಲಿ 'ಓಟ ಪೂರ್ತಿ ಬಿಟ್ಟುಬಿಡು' ಎನ್ನುತ್ತಾರೆ. ಮೈದಾನದಲ್ಲಿ 'ಓಡುತ್ತಾ ಓಡುತ್ತಾ ತಾನೇ ಸರಿಹೋಗುತ್ತೆ' ಎನ್ನುತ್ತಾರೆ. ಎರಡೂ ಸರಿಯಲ್ಲ. ಏಕೆ ಸರಿಯಲ್ಲ ಎನ್ನುವುದೇ ಈ ಲೇಖನ.

ಕಾಂಗರೂ ಬಾಲದಿಂದ ಬಂದ ಪಾಠ

ಗ್ರೀಕರ ಕಥೆಯಲ್ಲಿ ಅಕಿಲಿಸ್ ಎಂಬ ವೀರನನ್ನು ತಾಯಿ ಮಗುವಾಗಿದ್ದಾಗಲೇ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು. ನೀರು ಸೋಕಿದ ಮೈಯೆಲ್ಲ ವಜ್ರಕಾಯವಾಯಿತು. ಆಕೆ ಹಿಡಿದುಕೊಂಡಿದ್ದ ಹಿಮ್ಮಡಿ ಮಾತ್ರ ಒದ್ದೆಯಾಗಲಿಲ್ಲ. ಕೊನೆಗೆ ಬಾಣ ನೆಟ್ಟದ್ದು ಅಲ್ಲಿಗೇ. ನಮ್ಮ ಮಹಾಭಾರತದ ಮೌಸಲ ಪರ್ವದಲ್ಲೂ ಜರನೆಂಬ ಬೇಡನ ಬಾಣ ಶ್ರೀಕೃಷ್ಣನಿಗೆ ನಾಟಿದ್ದು ಅಂಗಾಲಿಗೆ. ಎಂಥವರಿಗೂ ಕಾಲಿನಲ್ಲೊಂದು ದುರ್ಬಲ ಜಾಗವಿದೆ ಎಂದು ಎರಡು ನಾಡುಗಳ ಕವಿಗಳಿಗೂ ತೋಚಿರಬೇಕು. 1693ರಲ್ಲಿ ಫಿಲಿಪ್ ವೆರ್‌ಹೆಯೆನ್ ಎಂಬ ಅಂಗರಚನಾಶಾಸ್ತ್ರಜ್ಞ ತನ್ನ ಗ್ರಂಥದಲ್ಲಿ ಈ ರಜ್ಜುವಿಗೆ ಅಕಿಲಿಸನ ಹೆಸರು ಬಳಸಿದ. ಅಂದಿನಿಂದ ಇದು ಅಕಿಲಿಸ್ ರಜ್ಜು.

ಇದರ ಒಳಗೇನಿದೆ? ತೆಂಗಿನ ನಾರಿನ ಹಗ್ಗವನ್ನು ಬಿಚ್ಚಿ ನೋಡಿದವರಿಗೆ ಅರ್ಥಮಾಡಿಕೊಳ್ಳುವುದು ಸುಲಭ. ನಾರುಗಳು ಸೇರಿ ಎಳೆ, ಎಳೆಗಳು ಸೇರಿ ಹುರಿ, ಹುರಿಗಳು ಸೇರಿ ಹಗ್ಗ. ರಜ್ಜುವೂ ಹಾಗೆಯೇ. ಅದರ ನಾರಿನ ಹೆಸರು ಕೊಲಾಜೆನ್, ಅದೊಂದು ಪ್ರೋಟೀನು. ಕೊಲಾಜೆನ್ ಅಣುವೇ ಮೂರು ಎಳೆಗಳನ್ನು ಹೊಸೆದಂತಿದೆ ಎಂದು 1954ರಲ್ಲಿ ತೋರಿಸಿಕೊಟ್ಟವರು ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಅವರು ಎಕ್ಸ್-ಕಿರಣಗಳಿಂದ ಪರೀಕ್ಷಿಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವನ್ನು! ರಾಮಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅದೇ ಸಂಸ್ಥೆಗೆ ಮರಳಿ ಬಂದು ಅಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಕಾಂಗರೂ ಜಿಗಿಯುವುದೂ ನಾವು ಓಡುವುದೂ ಇಂಥ ರಜ್ಜುಗಳ ಬಲದಿಂದಲೇ. ಹಕ್ಕಿ ಹೊಡೆಯುವ ರಬ್ಬರ್ ಬಿಲ್ಲನ್ನು ಎಳೆದಾಗ ಶಕ್ತಿ ರಬ್ಬರಿನಲ್ಲಿ ಸಂಗ್ರಹವಾಗಿ, ಬಿಟ್ಟಾಗ ಕಲ್ಲಿಗೆ ಹೋಗುತ್ತದೆ. ಪಾದ ನೆಲಕ್ಕೆ ಊರಿದಾಗ ಅಕಿಲಿಸ್ ರಜ್ಜು ಹಾಗೆಯೇ ಹಿಗ್ಗುತ್ತದೆ. ಪಾದ ನೆಲ ಬಿಡುವಾಗ ಆ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಹಿಂದಿರುಗಿಸುತ್ತದೆ. ಹೀಗೆ ಉಳಿತಾಯ ಮಾಡುವ ಹಗ್ಗವಿಲ್ಲದಿದ್ದರೆ ಮೈದಾನ ಒಂದು ಸುತ್ತು ಬರುವಷ್ಟರಲ್ಲಿ ನಮಗೆ ಸಾಕುಸಾಕಾಗುತ್ತಿತ್ತು.

ಐದೂವರೆ ಮೂಟೆ ಸಿಮೆಂಟು

ಈಗ ಒಂದು ಲೆಕ್ಕ. ಓಡುವಾಗ ಈ ರಜ್ಜುವಿನ ಮೇಲೆ ಬೀಳುವ ಬಲ ದೇಹದ ತೂಕದ ಆರು ಪಟ್ಟಿಗೂ ಮಿಗಿಲಾಗಬಹುದು. 45 ಕಿಲೋ ತೂಕದ ವಿದ್ಯಾರ್ಥಿಯೆಂದರೆ 270 ಕಿಲೋ ಭಾರದಷ್ಟು ಎಳೆತ, ಅಂದರೆ ಸುಮಾರು ಐದೂವರೆ ಮೂಟೆ ಸಿಮೆಂಟು. ನಿಧಾನವಾಗಿ ಓಡುವಾಗ ಒಂದು ಹೆಜ್ಜೆಗೆ ಒಂದು ಮೀಟರ್ ಎಂದಿಟ್ಟುಕೊಂಡರೆ ಒಂದು ಕಿಲೋಮೀಟರಿಗೆ 1000 ಹೆಜ್ಜೆ. ಒಂದೊಂದು ಕಾಲಿಗೆ 500. ಐದೂವರೆ ಮೂಟೆಯನ್ನು ಐನೂರು ಸಲ ಎಳೆಯುವ ಕೆಲಸ ಇದು! ದಿನಕ್ಕೆ ಒಂದು ಕಿಲೋಮೀಟರ್ ಓಡುತ್ತಿದ್ದವರು ಒಮ್ಮೆಲೇ ಐದು ಕಿಲೋಮೀಟರ್ ಓಡತೊಡಗಿದರೆ ಹಗ್ಗದ ಪಾಡೇನು ಎಂದು ನೀವೇ ಗುಣಿಸಿ ನೋಡಿ.

ಸ್ನಾಯುವಿಗೂ ರಜ್ಜುವಿಗೂ ಇಲ್ಲೊಂದು ವ್ಯತ್ಯಾಸವಿದೆ. ಸ್ನಾಯು ಕೆಂಪಗಿರುತ್ತದೆ, ಅದರಲ್ಲಿ ರಕ್ತ ಧಾರಾಳವಾಗಿ ಹರಿಯುತ್ತದೆ. ಕೆಲವೇ ವಾರಗಳಲ್ಲಿ ಅದು ಬಲಗೊಳ್ಳುತ್ತದೆ. ರಜ್ಜು ಬೆಳ್ಳಗಿರುತ್ತದೆ. ರಕ್ತದ ಪೂರೈಕೆ ಕಡಿಮೆ, ಆಮ್ಲಜನಕದ ಬಳಕೆ ಸ್ನಾಯುವಿನದಕ್ಕಿಂತ ಸುಮಾರು ಏಳೂವರೆ ಪಟ್ಟು ಕಡಿಮೆ. ಆದ್ದರಿಂದ ಅದರ ದುರಸ್ತಿ ಕೆಲಸ ಆಮೆಯ ನಡಿಗೆ. ಎದೆಗೆ ದಮ್ಮು ಬಂದಿರುತ್ತದೆ, ಮೀನಖಂಡಕ್ಕೆ ಬಲ ಬಂದಿರುತ್ತದೆ, ಹಗ್ಗ ಮಾತ್ರ ಇನ್ನೂ ತಯಾರಾಗಿರುವುದಿಲ್ಲ. ಹಿಮ್ಮಡಿಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ ನೋವು ಕಾಣಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ.

ಬೇನೆ ಹಳೆಯದಾದಾಗ ರಜ್ಜುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗಾಯ ಕೀವಾದಾಗ ಕಾಣುವಂಥ ಉರಿಯೂತದ ಕೋಶಗಳು ಹೆಚ್ಚಾಗಿ ಕಾಣುವುದಿಲ್ಲ. ಕೊಲಾಜೆನ್ ಎಳೆಗಳು ಸಾಲು ತಪ್ಪಿ ಚೆಲ್ಲಾಪಿಲ್ಲಿಯಾಗಿರುತ್ತವೆ. ಉರಿಯೂತವೇ ಮುಖ್ಯವಲ್ಲದಿದ್ದಾಗ ಅದನ್ನು ಇಳಿಸುವ ಮಾತ್ರೆಯಿಂದ ಕೆಲ ದಿನ ನೋವು ಮರೆಯಾಗಬಹುದೇ ಹೊರತು ಎಳೆಗಳು ನೆಟ್ಟಗಾಗುವುದಿಲ್ಲ.

ಹದಿನೇಳು ವರ್ಷದ ಹಗ್ಗ

ಪಾಲಕರು ಈ ಭಾಗವನ್ನು ವಿಶೇಷವಾಗಿ ಓದಬೇಕು. 1950ರ ದಶಕದಲ್ಲೂ 60ರ ದಶಕದ ಮೊದಲ ವರ್ಷಗಳಲ್ಲೂ ದೊಡ್ಡ ರಾಷ್ಟ್ರಗಳು ತೆರೆದ ಆಕಾಶದಲ್ಲಿ ಪರಮಾಣು ಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರ ಒಪ್ಪಂದದ ನಂತರ ಅದು ವರ್ಷವರ್ಷಕ್ಕೂ ಇಳಿಯುತ್ತಾ ಬಂತು. ಆ ಇಂಗಾಲ ಗಿಡಗಳಿಗೂ, ಗಿಡಗಳಿಂದ ಅನ್ನಕ್ಕೂ, ಅನ್ನದಿಂದ ನಮ್ಮ ಮೈಗೂ ಸೇರಿತು. ಹೀಗಾಗಿ ದೇಹದ ಯಾವುದೇ ಭಾಗದ ಕಾರ್ಬನ್-14ನ್ನು ಅಳೆದರೆ ಆ ಭಾಗ ಯಾವ ವರ್ಷಗಳಲ್ಲಿ ತಯಾರಾಯಿತೆಂದು ಹೇಳಬಹುದು. ಮನುಷ್ಯಕುಲದ ಒಂದು ಕೆಟ್ಟ ಕೆಲಸ ವಿಜ್ಞಾನಿಗಳ ಕೈಗೆ ಒಂದು ಗಡಿಯಾರ ಕೊಟ್ಟಂತಾಯಿತು.

2013ರಲ್ಲಿ ಡೆನ್ಮಾರ್ಕಿನ ಕಾಟ್ಯಾ ಹೈನೆಮೈಯರ್ ಮತ್ತು ಸಂಗಡಿಗರು ಮೃತರ ಅಕಿಲಿಸ್ ರಜ್ಜುಗಳನ್ನು ಈ ಗಡಿಯಾರದಿಂದ ಅಳೆದರು. ರಜ್ಜುವಿನ ತಿರುಳಿನಲ್ಲಿದ್ದ ಇಂಗಾಲ, ಆ ವ್ಯಕ್ತಿಯ ಬದುಕಿನ ಮೊದಲ 17 ವರ್ಷಗಳ ಗಾಳಿಯ ಇಂಗಾಲಕ್ಕೆ ಹೊಂದುತ್ತಿತ್ತು. ಅಂದರೆ ಚರ್ಮ ಹೊಸದಾಗುತ್ತದೆ, ರಕ್ತ ಹೊಸದಾಗುತ್ತದೆ. ಆದರೆ ಹಿಮ್ಮಡಿಯ ಹಗ್ಗದ ತಿರುಳು ಹದಿಹರೆಯದಲ್ಲಿ ಹೊಸೆದದ್ದೇ ಬಹುಮಟ್ಟಿಗೆ ಕೊನೆಯವರೆಗೆ. ಇದೇ ತಂಡ 2018ರಲ್ಲಿ ಬೇನೆ ಬಿದ್ದ ರಜ್ಜುಗಳನ್ನು ಅಳೆದಾಗ ಇನ್ನೊಂದು ಸಂಗತಿ ತಿಳಿಯಿತು. ನೋವು ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ಅವುಗಳಲ್ಲಿ ಎಳೆಗಳ ಅಸಹಜ ಬದಲಾವಣೆ ಶುರುವಾಗಿತ್ತು. ನೋವು ತಡವಾಗಿ ಬರುವ ಕಾಗದ, ಸುದ್ದಿ ಹಳೆಯದು.

ಒಬ್ಬ ಹುಡುಗಿಯ ನಾಲ್ಕು ತಿಂಗಳು

ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು 1500 ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲಿಗಳಾಗಿದ್ದಳು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹಿಮ್ಮಡಿ ಹಿಡಿದುಕೊಳ್ಳುತ್ತಿತ್ತು, ಹತ್ತು ಹೆಜ್ಜೆ ಕುಂಟಿದ ಮೇಲೆ ಸರಿಹೋಗುತ್ತಿತ್ತು. ಎರಡು ತಿಂಗಳಿಂದ ಹೀಗೇ. ಅವಳ ತಾಯಿ ಶಾಲೆಗೆ ಬಂದರು.

"ಸಾರ್, ಇವಳಿಗೆ ಈ ಓಟ ಬಿಡಿಸಿಬಿಡಿ. ಬರೋ ವರ್ಷ ಎಸ್ಸೆಸ್ಸೆಲ್ಸಿ. ಕಾಲೂ ಉಳಿಯುತ್ತೆ, ಓದೂ ಆಗುತ್ತೆ."

"ಅಮ್ಮ, ಓಡೋವಾಗ ನೋವೇ ಇರಲ್ಲ," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಜಿಲ್ಲಾ ಮಟ್ಟಕ್ಕೆ ಇನ್ನು ಹನ್ನೆರಡೇ ದಿನ. ಇಂಜೆಕ್ಷನ್ ಹಾಕಿಸ್ಕೊಂಡು ಓಡಲಾ?" ಎಂದು ಕೇಳಿದಳು.

ಓಡುವಾಗ ನೋವಿಲ್ಲ ಎಂಬ ಆ ಮಾತಿನಲ್ಲೇ ಮೋಸವಿರುವುದು. ಕಾಲು ಬಿಸಿಯಾದಂತೆ ರಜ್ಜುವಿನ ನೋವು ಅಡಗುತ್ತದೆ, ಮರುದಿನ ಬೆಳಿಗ್ಗೆ ಬಡ್ಡಿಸಮೇತ ಎದ್ದು ಬರುತ್ತದೆ. ಆದ್ದರಿಂದ ನಿಜ ತಿಳಿಯಲು ಕೇಳಬೇಕಾದ್ದು 'ಓಡುವಾಗ ಹೇಗಿತ್ತು' ಎಂದಲ್ಲ, 'ಮರುದಿನ ಬೆಳಿಗ್ಗೆ ಹೇಗಿತ್ತು' ಎಂದು. ಮೂಳೆ ತಜ್ಞರಿಗೆ ತೋರಿಸಿದೆವು. ಅವರು ಪರೀಕ್ಷಿಸಿ, ಬೆಳೆಯುವ ಮೂಳೆಯ ತೊಂದರೆಯಲ್ಲ, ರಜ್ಜುವಿನ ಬೇನೆಯೇ ಎಂದರು. ಜಿಲ್ಲಾ ಕೂಟ ತಪ್ಪಿತು. ಆ ದಿನ ಅವಳು ಮೈದಾನದ ಅಂಚಿನಲ್ಲಿ ಕುಳಿತು ಬೇರೆಯವರ ಓಟಕ್ಕೆ ಗಡಿಯಾರ ಹಿಡಿದಳು. ಹದಿನಾಲ್ಕು ವರ್ಷದ ಮಗುವಿಗೆ ಅದು ಸಣ್ಣ ನೋವೇನಲ್ಲ.

ಆದರೆ ಸುಮ್ಮನೆ ಕೂರುವುದೂ ಚಿಕಿತ್ಸೆಯಲ್ಲ. ಬಳಸದ ಹಗ್ಗ ಜಡ್ಡುಗಟ್ಟುತ್ತದೆ. ಎಳೆಗಳು ಸಾಲಾಗಬೇಕಾದರೆ ಅಳತೆಯ ಎಳೆತ ಬೇಕೇ ಬೇಕು. ಇದನ್ನು ಲೋಕಕ್ಕೆ ಮನಗಾಣಿಸಿದವರಲ್ಲಿ ಸ್ವೀಡನ್ನಿನ ಉಮೆಯೊ ನಗರದ ವೈದ್ಯ ಹೊಕಾನ್ ಆಲ್‌ಫ್ರೆಡ್‌ಸನ್ ಪ್ರಮುಖರು. ಸ್ವತಃ ಓಟಗಾರರಾಗಿದ್ದ ಅವರಿಗೂ ಇದೇ ನೋವು. ಶಸ್ತ್ರಚಿಕಿತ್ಸೆ ಮಾಡಿ ಎಂದು ಕೇಳಿದರೆ ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ರಜ್ಜು ಹರಿದೇ ಹೋಗಲಿ ಎಂದು ಅವರು ನೋವಿನಲ್ಲೇ ಅದಕ್ಕೆ ಭಾರ ಹಾಕತೊಡಗಿದರು. ಹರಿಯುವ ಬದಲು ಅದು ಗುಣವಾಯಿತು! 1998ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಕಾಲದ ಬೇನೆಯಿದ್ದ 15 ಮಂದಿ ಹವ್ಯಾಸಿ ಕ್ರೀಡಾಳುಗಳು 12 ವಾರ ಈ ವ್ಯಾಯಾಮ ಮಾಡಿ, ಎಲ್ಲರೂ ಮೊದಲಿನಂತೆ ಓಡಲು ಶಕ್ತರಾದರು.

ವ್ಯಾಯಾಮ ಸರಳ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಊರಿ ನಿಲ್ಲಬೇಕು. ಒಳ್ಳೆಯ ಕಾಲಿನ ಬಲದಿಂದ ಮೇಲೇಳಬೇಕು. ನೋವಿರುವ ಕಾಲೊಂದರ ಮೇಲೆಯೇ ಭಾರ ಬಿಟ್ಟು, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗುವವರೆಗೆ ನಿಧಾನವಾಗಿ ಇಳಿಯಬೇಕು. ಮಂಡಿ ನೆಟ್ಟಗಿಟ್ಟು 15ರಂತೆ ಮೂರು ಸರದಿ, ಮಂಡಿ ಸ್ವಲ್ಪ ಬಗ್ಗಿಸಿ 15ರಂತೆ ಮೂರು ಸರದಿ. ದಿನಕ್ಕೆ ಎರಡು ಹೊತ್ತು. ಒಟ್ಟು 180. ಇದು ಆ ಅಧ್ಯಯನದಲ್ಲಿ ವಯಸ್ಕರು ಮಾಡಿದ ಲೆಕ್ಕ. ಮಕ್ಕಳಿಗೆ ಎಷ್ಟೆಂದು ಫಿಸಿಯೋಥೆರಪಿಸ್ಟ್ ಹೇಳಬೇಕು. ನೋವು ರಜ್ಜುವಿನ ನಡುವೆ ಇರದೆ ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗಿಳಿಸಬಾರದು, ನೆಲಮಟ್ಟದಲ್ಲೇ ಮಾಡಬೇಕು. 2015ರಲ್ಲಿ ಡೆನ್ಮಾರ್ಕಿನ ಇನ್ನೊಂದು ಅಧ್ಯಯನ, ಹೆಚ್ಚು ಭಾರ ಹೊತ್ತು ವಾರಕ್ಕೆ ಮೂರೇ ದಿನ ನಿಧಾನವಾಗಿ ಮಾಡಿದರೂ ಅಷ್ಟೇ ಗುಣ ಸಿಗುತ್ತದೆಂದು ತೋರಿಸಿತು.

ಫಿಸಿಯೋಥೆರಪಿಸ್ಟ್ ಹಾಕಿಕೊಟ್ಟ ಲೆಕ್ಕದಂತೆ ನಮ್ಮ ಹುಡುಗಿ ಮನೆಯ ಮೆಟ್ಟಿಲಿನ ಮೇಲೆ ವ್ಯಾಯಾಮ ಮಾಡಿದಳು. ಕೆಲವು ವಾರಗಳ ನಂತರ ಪುಸ್ತಕ ತುಂಬಿದ ಶಾಲಾ ಚೀಲವೇ ಬೆನ್ನಿನ ಭಾರವಾಯಿತು. ಓಟ ಬಿಡಿಸಿ ಎಂದಿದ್ದ ತಾಯಿಯೇ ಬಾಗಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಾ "ಹನ್ನೊಂದು, ಹನ್ನೆರಡು" ಎಂದು ಎಣಿಸುತ್ತಿದ್ದರಂತೆ. ನಾಲ್ಕನೇ ತಿಂಗಳು ಅವಳು ಮತ್ತೆ ಓಡತೊಡಗಿದಳು. ಮರುವರ್ಷ ಜಿಲ್ಲಾ ಕೂಟದಲ್ಲಿ ಐದನೆಯವಳಾಗಿ ಬಂದಳು. ಪದಕ ಸಿಗಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ಕುಂಟದೆ ತರಗತಿಗೆ ಬಂದಳು.

ಮರಳುವ ಮೆಟ್ಟಿಲುಗಳು

ಓಟಕ್ಕೆ ಮರಳುವವರು ಈ ಕ್ರಮವನ್ನು ನೆನಪಿಡಬೇಕು.

ಮೊದಲನೆಯದು, ಅರ್ಧ ಗಂಟೆ ಚುರುಕಾಗಿ ನಡೆದು, ಮರುದಿನ ಬೆಳಿಗ್ಗೆ ನೋವು ಹೆಚ್ಚದಿರಬೇಕು. ಎರಡನೆಯದು, ಒಂಟಿ ಕಾಲಿನ ಮೇಲೆ ಹಿಮ್ಮಡಿ ಎತ್ತಿ ಇಳಿಸುವುದು ಎರಡೂ ಕಾಲಿಗೆ ಸರಿಸುಮಾರು ಸಮನಾಗಿ, ಇಪ್ಪತ್ತರ ಹತ್ತಿರ ಬರಬೇಕು. ಮೂರನೆಯದು, ಕುಂಟೆಬಿಲ್ಲೆ ಆಡುವಂತೆ ಅದೇ ಕಾಲಿನ ಮೇಲೆ ಹತ್ತು ಸಲ ಕುಪ್ಪಳಿಸಲು ಆಗಬೇಕು. ಇಷ್ಟಾದ ಮೇಲೆ ನಾಲ್ಕನೆಯದು, ಒಂದು ನಿಮಿಷ ಮೆಲ್ಲನೆಯ ಓಟ, ಎರಡು ನಿಮಿಷ ನಡಿಗೆ. ಹೀಗೆ ಆರೇಳು ಸುತ್ತು. ನಡಿಗೆಯನ್ನು ಕ್ರಮೇಣ ಕಡಿಮೆ ಮಾಡಿ ಓಟವನ್ನು ಹೆಚ್ಚಿಸುತ್ತಾ ಹೋಗುವುದು ಐದನೆಯದು. ವೇಗ, ಏರುದಾರಿ, ಮೊಳೆ ಬೂಟು ಎಲ್ಲಕ್ಕಿಂತ ಕೊನೆಗೆ.

ಓಟ ದಿನ ಬಿಟ್ಟು ದಿನ ಮಾತ್ರ. ಇದಕ್ಕೂ ಕಾರಣವಿದೆ. ಶ್ರಮದ ನಂತರ ರಜ್ಜುವಿನಲ್ಲಿ ಕೊಲಾಜೆನ್ ಕಟ್ಟುವುದೂ ನಡೆಯುತ್ತದೆ, ಒಡೆಯುವುದೂ ನಡೆಯುತ್ತದೆ. ಮೊದಲ ಒಂದು, ಒಂದೂವರೆ ದಿನ ಒಡೆಯುವುದೇ ಮುಂದು. ಆಮೇಲೆ ಕಟ್ಟುವುದು ಮುಂದಾಗುತ್ತದೆ. ದಿನವೂ ಓಡಿದರೆ ಗೋಡೆ ಕಟ್ಟುವ ಮೊದಲೇ ಮತ್ತೆ ಕೆಡವಿದಂತೆ.

ನೋವೇ ಇರಬಾರದೆಂದೇನೂ ಇಲ್ಲ. ಸ್ವೀಡನ್ನಿನ ಕಾರಿನ್ ಸಿಲ್ಬರ್ನಾಗೆಲ್ ಮತ್ತು ಸಂಗಡಿಗರು 2007ರಲ್ಲಿ 38 ಮಂದಿಯ ಅಧ್ಯಯನ ಪ್ರಕಟಿಸಿದರು. ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಳತೆಪಟ್ಟಿಯಲ್ಲಿ ಐದನ್ನು ಮೀರದಂತೆ, ಮರುದಿನ ಬೆಳಗಾಗುವಷ್ಟರಲ್ಲಿ ಇಳಿಯುವಂತೆ, ವಾರದಿಂದ ವಾರಕ್ಕೆ ಏರದಂತೆ ನೋಡಿಕೊಂಡವರು ವ್ಯಾಯಾಮದ ಜೊತೆಗೆ ಓಟ ಮುಂದುವರಿಸಿದರೂ ಕೇಡಾಗಲಿಲ್ಲ. ಮಕ್ಕಳಿಗೆ ನಾನು ಮೂರರಲ್ಲೇ ಗೆರೆ ಎಳೆಯುತ್ತೇನೆ. ಮೈದಾನದ ಹುರುಪಿನಲ್ಲಿ ಅವರ ಐದು ನಿಜವಾಗಿ ಏಳಾಗಿರುತ್ತದೆ.

ಪ್ರಯೋಗಾಲಯದ ನಿಯಮವೊಂದು ಇಲ್ಲಿಗೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ದೂರವನ್ನೂ ವೇಗವನ್ನೂ ಬೂಟನ್ನೂ ಒಂದೇ ವಾರದಲ್ಲಿ ಬದಲಾಯಿಸಿದರೆ, ನೋವು ಬಂದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು, ಓಡಿದ ನಿಮಿಷ, ಆಗಿನ ನೋವು, ಮರುಬೆಳಗಿನ ನೋವು ಎಂದು ನಾಲ್ಕು ಅಂಕಣ ಹಾಕಿ ಬರೆದಿಡಿ. ತಿಂಗಳಿಗೊಮ್ಮೆ ನಕ್ಷೆ ಎಳೆಯಿರಿ. ಗೆರೆ ದಿನದಿನಕ್ಕೆ ಮೇಲೆ ಕೆಳಗೆ ಆಗುತ್ತದೆ. ಒಟ್ಟಿನಲ್ಲಿ ಇಳಿಯುತ್ತಿದೆಯೇ ಎಂದಷ್ಟೇ ನೋಡಿ.

ಇಬ್ಬರು ಓಟಗಾರರು

ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ ರೈತನ ಮಗ. ಬಾಲ್ಯದಲ್ಲಿ ಶಾಲೆಗೆ ಹತ್ತು ಕಿಲೋಮೀಟರ್ ಓಡುತ್ತಿದ್ದ. ಪುಸ್ತಕ ಹಿಡಿದ ಎಡಗೈ ಮಡಚಿಕೊಂಡೇ ಇರುತ್ತಿದ್ದ ಆ ಭಂಗಿ ಕೊನೆಯವರೆಗೂ ಉಳಿಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅಕಿಲಿಸ್ ರಜ್ಜುವಿನ ನೋವಿನಲ್ಲೇ ಓಡಿ, 10,000 ಮೀಟರಿನಲ್ಲಿ ಕೀನ್ಯಾದ ಪಾಲ್ ಟೆರ್ಗಟ್‌ನನ್ನು ಕೇವಲ 0.09 ಸೆಕೆಂಡಿನಿಂದ ಸೋಲಿಸಿದ. ಆಮೇಲೆ ಶಸ್ತ್ರಚಿಕಿತ್ಸೆಯಾಯಿತು. 2004ರ ಅಥೆನ್ಸ್ ಹೊತ್ತಿಗೆ ನೋವು ಮತ್ತೆ ಕಾಡಿ ಐದನೆಯವನಾದ. ಮುಗಿಯಿತು ಎಂದವರಿದ್ದರು. 2008ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 3 ನಿಮಿಷ 59 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆ ಬರೆದಾಗ ಅವನಿಗೆ 35 ವರ್ಷ.

ಚೀನಾದ ಲಿಯು ಷಿಯಾಂಗ್ 2004ರಲ್ಲಿ 110 ಮೀಟರ್ ಹರ್ಡಲ್ಸ್‌ನ ಒಲಿಂಪಿಕ್ ಚಿನ್ನ ಗೆದ್ದವನು. 2008ರಲ್ಲಿ ಸ್ವಂತ ನೆಲದ ಬೀಜಿಂಗ್ ಕೂಟದಲ್ಲಿ, ತುಂಬಿದ ಕ್ರೀಡಾಂಗಣದೆದುರು, ಅಕಿಲಿಸ್ ನೋವಿನಿಂದ ಓಡಲಾಗದೆ ಹಿಂದಿರುಗಿದ. ಶಸ್ತ್ರಚಿಕಿತ್ಸೆಯಾಗಿ ಸ್ಪರ್ಧೆಗೆ ಮರಳುವಷ್ಟರಲ್ಲಿ ಬೀಜಿಂಗ್ ಕೂಟ ಮುಗಿದು 13 ತಿಂಗಳಾಗಿತ್ತು. 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ. ಆದರೆ 2012ರ ಲಂಡನ್ನಿನಲ್ಲಿ ಮೊದಲ ಹರ್ಡಲಿಗೇ ತಾಗಿ ಬಿದ್ದ, ರಜ್ಜು ಹರಿದಿತ್ತು. ಒಂಟಿಗಾಲಲ್ಲಿ ಕುಂಟುತ್ತಾ ಅಂಚಿನವರೆಗೆ ಹೋಗಿ, ಕೊನೆಯ ಹರ್ಡಲನ್ನು ಮುತ್ತಿಟ್ಟು ಹೊರನಡೆದ. ಒಬ್ಬನಿಗೆ ಎಂಟು ವರ್ಷಗಳ ನಂತರ ದಾಖಲೆ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಇಬ್ಬರಲ್ಲಿ ಯಾರೂ ಸೋಮಾರಿಗಳಲ್ಲ. ನೋವು ಹೋಯಿತೆಂದ ಮಾತ್ರಕ್ಕೆ ಹಗ್ಗ ಹೊಸದಾಯಿತೆಂದಲ್ಲ; ಮೆಟ್ಟಿಲಿನ ವ್ಯಾಯಾಮ ಓಟ ಇರುವವರೆಗೂ ಇರಬೇಕು.

ಪಾಲಕರಿಗೆ ಮೂರು ಮಾತು

ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಹಿಮ್ಮಡಿಯ ಮೂಳೆಯೇ ನೋಯುತ್ತಿದ್ದರೆ ಅದು ಹೆಚ್ಚಾಗಿ ರಜ್ಜುವಿನದಲ್ಲ, ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಭಾಗದ್ದು. 1912ರಲ್ಲಿ ಇದನ್ನು ವಿವರಿಸಿದ ವೈದ್ಯ ಸೀವರ್ ಹೆಸರಿನಿಂದ ಕರೆಯುತ್ತಾರೆ. ಬೆಳವಣಿಗೆ ಮುಗಿದಂತೆ ಅದು ಹೋಗುತ್ತದೆ. ಯಾವುದು ಯಾವುದೆಂದು ವೈದ್ಯರು ಹೇಳಲಿ.

ಸ್ಪರ್ಧೆಗೆ ಮುನ್ನ ನೋವು ಅಡಗಿಸಲು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿ ಓಡಿಸಬೇಡಿ. ಅದರಿಂದ ರಜ್ಜು ದುರ್ಬಲವಾಗಿ ಹರಿಯುವ ಅಪಾಯವಿದೆ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಂಪಿನ ಪ್ರತಿಜೀವಕಗಳೂ ಅಪರೂಪಕ್ಕೆ ರಜ್ಜುವಿಗೆ ಹಾನಿ ಮಾಡುತ್ತವೆ. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಮುದ್ರಿಸುವಂತೆ ಮಾಡಿತು. ಜ್ವರ, ಭೇದಿ ಎಂದು ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗಿಸುವ ಮಾತ್ರೆಗಳಲ್ಲಿ ಇವೂ ಇರುತ್ತವೆ. ವೈದ್ಯರೇ ಕೊಟ್ಟಿದ್ದರೆ, ಮಗು ಓಡುತ್ತದೆ ಎಂಬುದನ್ನು ಅವರಿಗೆ ತಿಳಿಸಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂಬತ್ತು, ಹತ್ತನೇ ತರಗತಿ ಬಂತೆಂದರೆ ಆಟದ ಪೀರಿಯಡ್ಡನ್ನೂ ಸಂಜೆಯನ್ನೂ ಟ್ಯೂಷನ್ನಿಗೆ ಕೊಟ್ಟುಬಿಡುವ ಪದ್ಧತಿ ನಮ್ಮಲ್ಲಿದೆ. ಹಗ್ಗದ ತಿರುಳು ಹೊಸೆಯುವ ಕೊನೆಯ ವರ್ಷಗಳೂ ಅವೇ. ಗಣಿತದ ಪಾಠ ಹದಿನೆಂಟರಲ್ಲೂ ಕಲಿಯಬಹುದು, ಇಪ್ಪತ್ತೆಂಟರಲ್ಲೂ ಕಲಿಯಬಹುದು. ಖೋ ಖೋ, ಹಗ್ಗದಾಟ, ಕುಂಟೆಬಿಲ್ಲೆ, ಬಯಲಿನ ಓಟಗಳಿಗೆ ಆ ಅವಧಿ ಇಲ್ಲ.

ಈ ವಾರದ ಮನೆಗೆಲಸ: ಗೋಡೆಗೆ ಬೆರಳು ತಾಗಿಸಿ, ಒಂಟಿ ಕಾಲಿನಲ್ಲಿ ನಿಂತು, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸುವುದು ಎಷ್ಟು ಸಲ ಆಗುತ್ತದೆಂದು ಎರಡೂ ಕಾಲಿಗೆ ಬೇರೆಬೇರೆಯಾಗಿ ಎಣಿಸಿ. ಅಪ್ಪ, ಅಮ್ಮನಿಂದಲೂ ಮಾಡಿಸಿ. ಅಜ್ಜ ಒಪ್ಪಿದರೆ ಕುರ್ಚಿ ಹಿಡಿಸಿ, ಎರಡೂ ಕಾಲಿನಲ್ಲಿ. ಸಂಖ್ಯೆಗಳನ್ನು ಒಂದು ಪಟ್ಟಿಯಲ್ಲಿ ಬರೆಯಿರಿ. ವಯಸ್ಸಿಗೂ ಸಂಖ್ಯೆಗೂ ಏನು ಸಂಬಂಧವಿದೆ, ದಿನವೂ ನಡೆಯುವವರಿಗೂ ನಡೆಯದವರಿಗೂ ಏನು ವ್ಯತ್ಯಾಸವಿದೆ ಎಂದು ನೋಡಿ. ಮೂರು ತಿಂಗಳು ಅಭ್ಯಾಸ ಮಾಡಿ, ಅದೇ ಪಟ್ಟಿಯ ಪಕ್ಕದಲ್ಲಿ ಹೊಸ ಸಂಖ್ಯೆ ಬರೆಯಲು ಜಾಗ ಬಿಟ್ಟಿರಿ.